ಅಪ್ಪನ ಬ್ಯಾಟ್ರಿ ಮತ್ತು ಬೆಳಕಿನ ಡಿಕ್ಕಿ

ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ನಮ್ಮ ಲೊಕ್ಕನಹಳ್ಳಿ ಕಡೆ ಕಾಡಂಚಿನ ಹೊಲದವರು ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಒಂದು ಕಡೆ ಬಿಳಿಗಿರಿರಂಗನಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಆನೆ ಬಂದರೆ ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಗೆ ಮುಗಿಯಿತು. ಹಾಗಾಗಿ ಮರದ ಮೇಲೆ ಅಟ್ಟಣೆ, ಮೈಮೇಲೆ ಕಂಬಳಿ, ಪಕ್ಕದಲ್ಲಿ ಪಟಾಕಿ, ಕೈಯಲ್ಲೊಂದು ಬ್ಯಾಟ್ರಿ. ಟಾರ್ಚ್ ಎಂದು ನಮ್ಮೂರಲ್ಲಿ ಯಾರೂ ಅನ್ನುವುದಿಲ್ಲ, ಬ್ಯಾಟ್ರಿ ಅಂದರೇನೇ ಅದು.

ಹಿಂದಿನ ವರ್ಷ ದೀಪಾವಳಿ ರಜೆಗೆ ಬಂದಾಗ ನಾನೂ ಅಪ್ಪನ ಜೊತೆ ಕಾವಲಿಗೆ ಹೋಗಿದ್ದೆ. ನಮ್ಮ ಅಟ್ಟಣೆಯ ಎದುರಿಗೆ, ಹಳ್ಳದ ಆಚೆ, ನಮ್ಮ ದೊಡ್ಡಪ್ಪನ ಅಟ್ಟಣೆ. ಗಂಟೆಗೊಮ್ಮೆ ಅವರು ಬ್ಯಾಟ್ರಿ ಹಾಕಿ ಹೊಲದ ಮೇಲೆ ಒಂದು ಸುತ್ತು ಆಡಿಸುತ್ತಾರೆ, ಈ ಕಡೆಯಿಂದ ಅಪ್ಪ ಹಾಕುತ್ತಾರೆ. ಇಬ್ಬರೂ ಎಚ್ಚರವಾಗಿದ್ದೇವೆ ಅನ್ನುವುದಕ್ಕೆ ಅದೇ ಗುರುತು. ಅವತ್ತು ಮಂಜು ಸ್ವಲ್ಪ ಇಳಿದಿತ್ತು. ಎರಡೂ ಬೆಳಕು ಹಳ್ಳದ ಮೇಲೆ ಕೋಲಿನಂತೆ ಕಾಣುತ್ತಿದ್ದವು. ಒಂದನ್ನೊಂದು ಅಡ್ಡ ಹಾಯ್ದು, ಏನೂ ಆಗದವರಂತೆ ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತಿದ್ದವು.

ಅಪ್ಪ ಕೇಳಿದರು: ‘ಅಲ್ಲ ಕನ್ಲಾ ಮಗ, ಆ ಬೆಳಕೂ ಈ ಬೆಳಕೂ ಅಡ್ಡಡ್ಡ ಬಂದ್ರೂ ಒಂದಕ್ಕೊಂದು ಗುದ್ದಿಕೊಳ್ಳಲ್ವಲ್ಲ, ಯಾಕ? ನೀರು ಬುಟ್ರ ನೀರು ಗುದ್ದುತ್ತದ, ಕಲ್ಲು ಎಸುದ್ರ ಕಲ್ಲು ಗುದ್ದುತ್ತದ.’

ನಾನು ಎಂಜಿನಿಯರಿಂಗ್ ಓದುತ್ತಿರುವವನು. ಅಪ್ಪ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಒಂದು ಗಳಿಗೆಯೂ ಯೋಚಿಸದೆ ಹೇಳಿಬಿಟ್ಟೆ: ‘ಬೆಳಕಿಗೆ ತೂಕ ಇಲ್ಲ ಅಪ್ಪ, ಅದಕ್ಕೇ ಗುದ್ದಲ್ಲ.’

ಅಪ್ಪ ತಲೆಯಾಡಿಸಿದರು. ಮಾರನೇ ದಿನ ಟೀ ಅಂಗಡಿಯಲ್ಲಿ ಇದೇ ಮಾತನ್ನು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ‘ನಮ್ ಹುಡುಗ ಹೇಳ್ದ’ ಅಂತ.

ಆ ಉತ್ತರ ತಪ್ಪಾಗಿತ್ತು. ಅದು ನನಗೆ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ, ಕ್ಲಾಸಿನ ಮುಂದೆ ನಿಂತುಕೊಂಡು.

ನಾನು ಓದುವುದು ಮೈಸೂರಿನ ಒಂದು ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ಸ್ ವಿಭಾಗ. ಸೆಮಿನಾರಿಗೆ ಆಪ್ಟಿಕಲ್ ಫೈಬರ್ ವಿಷಯ ತೆಗೆದುಕೊಂಡಿದ್ದೆ. ಕೂದಲೆಳೆಯಷ್ಟು ದಪ್ಪದ ಒಂದೇ ಗಾಜಿನ ಎಳೆಯಲ್ಲಿ 80ಕ್ಕೂ ಹೆಚ್ಚು ಬೇರೆ ಬೇರೆ ತರಂಗಾಂತರದ ಬೆಳಕನ್ನು ಒಟ್ಟಿಗೆ ಕಳುಹಿಸಬಹುದು, ಪ್ರತಿಯೊಂದರಲ್ಲೂ ಬೇರೆ ಬೇರೆ ಮಾಹಿತಿ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ‘ಅಷ್ಟೊಂದು ಫೋಟಾನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲ್ವಾ?’ ಅಪ್ಪನಿಗೆ ಹೇಳಿದ್ದನ್ನೇ ಅಲ್ಲೂ ಹೇಳಿದೆ, ‘ತೂಕ’ದ ಜಾಗಕ್ಕೆ ‘ದ್ರವ್ಯರಾಶಿ’ ಎಂಬ ದೊಡ್ಡ ಪದ ಹಾಕಿ.

ನಮ್ಮ ಮೇಡಂ ಸುಮ್ಮನೆ ಕೇಳಿದರು: ‘ಗ್ಲುಆನ್‌ಗೂ ದ್ರವ್ಯರಾಶಿ ಇಲ್ಲ. ಅವು ಒಂದರ ಮೇಲೊಂದು ಬಲ ಹಾಕುತ್ತವಲ್ಲ?’ ಪರಮಾಣುವಿನ ನ್ಯೂಕ್ಲಿಯಸ್ಸಿನೊಳಗೆ ಕ್ವಾರ್ಕ್‌ಗಳನ್ನು ಕಟ್ಟಿಹಾಕಿರುವ ಕಣ ಗ್ಲುಆನ್. ಅದರ ಹೆಸರು ಕೇಳಿದ್ದೆ, ಅಷ್ಟೇ. ತಪ್ಪಿಸಿಕೊಳ್ಳಲು ‘ಹಾಗಾದರೆ ಬೆಳಕೂ ಡಿಕ್ಕಿ ಹೊಡೆಯುತ್ತೆ ಮೇಡಂ, ವ್ಯತಿಕರಣ ಅಂದರೆ ಅದೇ ಅಲ್ವಾ, ಎರಡು ಬೆಳಕು ಸೇರಿ ಕತ್ತಲೆ ಆಗೋದು’ ಎಂದೆ. ಅವರು ನಕ್ಕು, ‘ಒಂದು ತಪ್ಪಿಂದ ಇನ್ನೊಂದು ತಪ್ಪಿಗೆ ಹಾರಿದೆ. ಹೋಗಿ ಓದು’ ಎಂದರು. ಅಂಕವೇನೂ ಕಮ್ಮಿ ಕೊಡಲಿಲ್ಲ. ಆದರೆ ಹಾಸ್ಟೆಲಿಗೆ ನಡೆದು ಬರುವಾಗ ನನ್ನ ತಲೆಯಲ್ಲಿದ್ದದ್ದು ಸೆಮಿನಾರ್ ಅಲ್ಲ, ಆ ಟೀ ಅಂಗಡಿ.

ಸೇರಿದರೆ ಡಿಕ್ಕಿಯಲ್ಲ

ಮೊದಲು ಎರಡನೇ ತಪ್ಪು, ಏಕೆಂದರೆ ಪಿಯುಸಿ ಓದಿದ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಇದು ಕೂತಿರುತ್ತದೆ. 1801ರ ಸುಮಾರಿಗೆ ಥಾಮಸ್ ಯಂಗ್ ವಿವರಿಸಿದ ವ್ಯತಿಕರಣದಲ್ಲಿ ಪರದೆಯ ಮೇಲೆ ಬೆಳಕಿನ ಪಟ್ಟಿ, ಕತ್ತಲೆಯ ಪಟ್ಟಿ ಸಾಲಾಗಿ ಮೂಡುತ್ತವೆ. ಕತ್ತಲೆ ಪಟ್ಟಿಯಲ್ಲಿ ಎರಡು ಫೋಟಾನ್‌ಗಳು ಗುದ್ದಿಕೊಂಡು ಸತ್ತವು ಎಂದು ನಾನು ಅಂದುಕೊಂಡಿದ್ದೆ. ಹಾಗೆ ಸತ್ತಿದ್ದರೆ ಅವುಗಳ ಶಕ್ತಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಕತ್ತಲೆ ಪಟ್ಟಿಯಲ್ಲಿ ಎಷ್ಟು ಕಮ್ಮಿಯಾಗಿದೆಯೋ ಬೆಳಕಿನ ಪಟ್ಟಿಯಲ್ಲಿ ಅಷ್ಟೇ ಹೆಚ್ಚಾಗಿರುತ್ತದೆ. ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ.

ಕೆರೆಗೆ ಎರಡು ಕಲ್ಲು ಎಸೆದು ನೋಡಿ. ಎರಡು ಬಳೆಯಂತೆ ಅಲೆಗಳು ಹರಡಿ ಒಂದರೊಳಗೊಂದು ನುಗ್ಗುತ್ತವೆ. ಸೇರಿದ ಜಾಗದಲ್ಲಿ ಕೆಲವು ಕಡೆ ನೀರು ಹೆಚ್ಚು ಏಳುತ್ತದೆ, ಕೆಲವು ಕಡೆ ಅಲುಗುವುದೇ ಇಲ್ಲ. ಆದರೆ ದಾಟಿ ಆಚೆ ಬಂದ ಮೇಲೆ ಎರಡೂ ಬಳೆಗಳು ಮೊದಲಿನ ಹಾಗೆಯೇ ಇರುತ್ತವೆ. ಒಂದು ಇನ್ನೊಂದರ ದಾರಿ ತಪ್ಪಿಸಿಲ್ಲ. ಅವು ಒಂದೇ ಜಾಗದಲ್ಲಿ ಕೂಡಿದವು, ಅಷ್ಟೇ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ 1909ರಲ್ಲಿ ಸಿಕ್ಕಿತು. ಕೇಂಬ್ರಿಡ್ಜ್‌ನಲ್ಲಿ ಜೆಫ್ರಿ ಟೇಲರ್ ಎಂಬ ಯುವಕ ಮಸಿ ಹಿಡಿಸಿದ ಗಾಜುಗಳನ್ನು ಅಡ್ಡ ಇಟ್ಟು ಬೆಳಕನ್ನು ಎಷ್ಟು ಕಮ್ಮಿ ಮಾಡಿದನೆಂದರೆ, ಒಂದು ಸೂಜಿಯ ನೆರಳಿನ ಚಿತ್ರ ಫೋಟೊ ಫಲಕದ ಮೇಲೆ ಮೂಡಲು ಸುಮಾರು 2000 ಗಂಟೆ, ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕಾಯಿತು. ಅಷ್ಟು ಮಂಕಾದ ಬೆಳಕಿನಲ್ಲಿ ಪೆಟ್ಟಿಗೆಯೊಳಗೆ ಒಂದು ಹೊತ್ತಿಗೆ ಒಂದು ಫೋಟಾನ್ ಇದ್ದರೆ ಹೆಚ್ಚು. ಆದರೂ ಸೂಜಿಯ ನೆರಳಂಚಿನಲ್ಲಿ ಪಟ್ಟಿಗಳು ಮೂಡಿದ್ದವು. ಗುದ್ದಲು ಎದುರಿಗೆ ಇನ್ನೊಂದು ಫೋಟಾನೇ ಇಲ್ಲದಾಗ ಡಿಕ್ಕಿಯ ಮಾತೆಲ್ಲಿ?

ಇದೇ ಬೆಳಕು ಸೇರುವ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ದೊಡ್ಡ ಕೆಲಸ ನಡೆದಿದೆ, ಅದು ನನಗೆ ಓದುವವರೆಗೂ ಗೊತ್ತಿರಲಿಲ್ಲ. ಬೆಳಕಿನ ಅಲೆ ಯಾವ ದಿಕ್ಕಿಗೆ ಆಡುತ್ತದೆ ಎನ್ನುವುದನ್ನು ಧ್ರುವೀಕರಣ ಎನ್ನುತ್ತಾರೆ. ಒಂದು ಬೆಳಕು ಮೇಲೆ ಕೆಳಗೆ ಆಡುತ್ತಿದ್ದು ಇನ್ನೊಂದು ಎಡಕ್ಕೆ ಬಲಕ್ಕೆ ಆಡುತ್ತಿದ್ದರೆ, ಎರಡನ್ನೂ ಎಷ್ಟೇ ಸೇರಿಸಿದರೂ ಪಟ್ಟಿ ಮೂಡುವುದಿಲ್ಲ. ನಡುವೆ ಬೇರೆ ಬೇರೆ ಕೋನದಲ್ಲಿದ್ದರೆ? ಎರಡು ಬೇರೆ ಬಗೆಯ ಬೆಳಕು ಹೆಜ್ಜೆಗೆ ಹೆಜ್ಜೆ ಹಾಕುತ್ತಿವೆ ಎಂದು ಹೇಳುವುದು ಹೇಗೆ? ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ ಇದಕ್ಕೆ ಉತ್ತರ ಬರೆದರು. ಆಗ ಅವರಿಗೆ 22 ವರ್ಷ, ನನಗಿಂತ ಎರಡೇ ವರ್ಷ ದೊಡ್ಡವರು. ಬೆಳಕನ್ನು ಒಂದು ಬಗೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಮತ್ತೆ ಮೊದಲಿನದಕ್ಕೆ ತಂದರೆ ಅದು ಹೊರಟ ಜಾಗಕ್ಕೇ ಬಂದಿದ್ದರೂ ಹೆಜ್ಜೆ ಒಂದಿಷ್ಟು ಬದಲಾಗಿರುತ್ತದೆ ಎಂದು ಅವರು ತೋರಿಸಿದರು. ಬಹಳ ವರ್ಷ ಯಾರೂ ಗಮನಿಸಲಿಲ್ಲ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇಂಥದ್ದೇ ಒಂದನ್ನು ಕಂಡುಹಿಡಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು, ಇದನ್ನು ನಮ್ಮ ಪಂಚರತ್ನಂ ಆಗಲೇ ಬರೆದಿದ್ದರು ಎಂದು ತೋರಿಸಿಕೊಟ್ಟರು. ಅದನ್ನು ಕೇಳಲು ಪಂಚರತ್ನಂ ಇರಲಿಲ್ಲ. 1969ರಲ್ಲಿ, 35ನೇ ವಯಸ್ಸಿಗೇ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಿದ್ದರು. ನಮ್ಮ ಪಠ್ಯದಲ್ಲಿ ರಾಮನ್ ಪರಿಣಾಮ ಇದೆ, ರಾಮನ್ ಅವರ ಈ ಸೋದರಳಿಯನ ಹೆಸರು ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಕಾಣಲಿಲ್ಲ.

ಮಾತು ಬಿಟ್ಟವರ ನಡುವೆ ಒಬ್ಬ

ಈಗ ಮೊದಲನೇ ತಪ್ಪಿಗೆ ಬರೋಣ. ಬೆಳಕು ಬೆಳಕನ್ನು ಗುದ್ದದಿರುವುದಕ್ಕೆ ಕಾರಣ ತೂಕವಲ್ಲ, ಚಾರ್ಜ್. ಕನ್ನಡ ಮಾಧ್ಯಮದಲ್ಲಿ ನಾವು ವಿದ್ಯುದಾವೇಶ ಎಂದು ಓದಿದ್ದೆವು.

ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ. ಏಕೆಂದರೆ ಎರಡಕ್ಕೂ ಚಾರ್ಜ್ ಇದೆ, ಅವುಗಳ ನಡುವೆ ಫೋಟಾನ್ ಓಡಾಡಿ ಬಲವನ್ನು ಮುಟ್ಟಿಸುತ್ತದೆ. ಅಂದರೆ ಫೋಟಾನ್ ಒಂದು ರೀತಿಯ ಅಂಚೆಯವನು. ಚಾರ್ಜ್ ಇರುವ ಮನೆಯ ಬಾಗಿಲನ್ನು ಮಾತ್ರ ತಟ್ಟುತ್ತಾನೆ. ಅಂಚೆಯವನಿಗೆ ಸ್ವಂತ ಚಾರ್ಜ್ ಇಲ್ಲ. ಹಾಗಾಗಿ ಇಬ್ಬರು ಅಂಚೆಯವರು ದಾರಿಯಲ್ಲಿ ಎದುರಾದರೂ ಒಬ್ಬರಿಗೊಬ್ಬರು ಕೊಡುವುದು ಏನೂ ಇರುವುದಿಲ್ಲ. ಗ್ಲುಆನ್ ಹಾಗಲ್ಲ. ಅದು ಯಾವ ಬಲವನ್ನು ಒಯ್ಯುತ್ತದೋ ಆ ಬಲದ ಚಾರ್ಜು ಅದರ ಮೈಮೇಲೂ ಇದೆ. ಅದಕ್ಕೇ ದ್ರವ್ಯರಾಶಿ ಇಲ್ಲದಿದ್ದರೂ ಗ್ಲುಆನ್‌ಗಳು ಒಂದನ್ನೊಂದು ಹಿಡಿದೆಳೆಯುತ್ತವೆ. ಮೇಡಂ ಕೇಳಿದ ಒಂದು ಸಾಲಿನ ಪ್ರಶ್ನೆಯಲ್ಲಿ ಇಷ್ಟೆಲ್ಲ ಇತ್ತು.

ಇಲ್ಲಿಗೆ ಮುಗಿದಿದ್ದರೆ ಅಪ್ಪನಿಗೆ ‘ಕಾರಣ ತಪ್ಪು, ಉತ್ತರ ಸರಿ’ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಉತ್ತರವೂ ಪೂರ್ತಿ ಸರಿಯಲ್ಲ.

ನಮ್ಮೂರಲ್ಲಿ ಎರಡು ಮನೆಯವರು ಜಗಳವಾಡಿ ಮಾತು ಬಿಟ್ಟಿದ್ದಾರೆ ಅಂದುಕೊಳ್ಳಿ. ನೇರ ಮಾತಿಲ್ಲ. ಆದರೂ ಒಬ್ಬರ ವಿಷಯ ಇನ್ನೊಬ್ಬರಿಗೆ ಮುಟ್ಟುತ್ತದೆ, ನಡುವೆ ಯಾರೋ ಒಬ್ಬರು ಇರುತ್ತಾರೆ. ಬೆಳಕಿಗೂ ಅಂಥ ಮಧ್ಯಸ್ಥರಿದ್ದಾರೆ. ಕ್ವಾಂಟಂ ಸಿದ್ಧಾಂತದ ಪ್ರಕಾರ ಫೋಟಾನ್ ಒಂದು ಕ್ಷಣದ ಕೋಟಿ ಕೋಟಿ ಪಾಲಿಗಿಂತಲೂ ಕಡಿಮೆ ಹೊತ್ತು ಒಂದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಜೋಡಿಯಂತೆ ವರ್ತಿಸಬಹುದು. ಆ ಜೋಡಿಗೆ ಚಾರ್ಜ್ ಇದೆ. ಸರಿಯಾಗಿ ಆ ಗಳಿಗೆಗೆ ಇನ್ನೊಂದು ಫೋಟಾನ್ ಅಲ್ಲಿಗೆ ಬಂದರೆ ಆ ಜೋಡಿಗೆ ತಾಕುತ್ತದೆ. ಜೋಡಿ ಮತ್ತೆ ಬೆಳಕಾಗುವಾಗ ಎರಡು ಫೋಟಾನ್‌ಗಳೂ ಹೊಸ ದಿಕ್ಕು ಹಿಡಿದಿರುತ್ತವೆ. ಅಂದರೆ ಡಿಕ್ಕಿ ಆಯಿತು. ಜರ್ಮನಿಯಲ್ಲಿ ವರ್ನರ್ ಹೈಸನ್‌ಬರ್ಗ್ ಮತ್ತು ಅವರ ಶಿಷ್ಯ ಹಾನ್ಸ್ ಆಯ್ಲರ್ 1936ರಲ್ಲೇ ಇದರ ಸಮೀಕರಣ ಬರೆದಿಟ್ಟಿದ್ದರು.

ಹಾಗಾದರೆ ಅಪ್ಪನ ಬ್ಯಾಟ್ರಿಗೂ ದೊಡ್ಡಪ್ಪನ ಬ್ಯಾಟ್ರಿಗೂ ನಡುವೆ ಹಳ್ಳದ ಮೇಲೆ ಡಿಕ್ಕಿ ಆಗುತ್ತದೆಯೆ? ಒಂದು ಭಾನುವಾರ ಹಾಸ್ಟೆಲಿನಲ್ಲಿ ಕೂತು ಲೆಕ್ಕ ಹಾಕಿದೆ. ಬ್ಯಾಟ್ರಿಯಿಂದ ಒಂದು ವ್ಯಾಟ್ ಬೆಳಕು ಹೊರಟರೆ ಸೆಕೆಂಡಿಗೆ ಸುಮಾರು 3ರ ಮುಂದೆ 18 ಸೊನ್ನೆ ಹಾಕಿದಷ್ಟು ಫೋಟಾನ್‌ಗಳು. ಎರಡೂ ಕೋಲುಗಳು ಒಂದು ಮೀಟರ್ ಅಗಲಕ್ಕೆ ಹರಡಿ ಎದುರುಬದುರಾಗಿ ಹಾಯುತ್ತವೆ ಎಂದಿಟ್ಟುಕೊಂಡೆ. ಸೂತ್ರಕ್ಕೆ ಹಾಕಿದಾಗ ಬಂದ ಉತ್ತರ: ಒಂದೇ ಒಂದು ಡಿಕ್ಕಿ ನೋಡಲು 1ರ ಮುಂದೆ 31 ಸೊನ್ನೆ ಹಾಕಿದಷ್ಟು ವರ್ಷ ಬ್ಯಾಟ್ರಿ ಹಿಡಿದು ಕೂರಬೇಕು. ವಿಶ್ವ ಹುಟ್ಟಿ ಆಗಿರುವುದೇ ಸುಮಾರು 1380 ಕೋಟಿ ವರ್ಷ, ಅಂದರೆ ಹನ್ನೊಂದು ಅಂಕಿ. ನನ್ನ ಲೆಕ್ಕ ನೂರು ಪಟ್ಟು ಆಚೆ ಈಚೆ ಆಗಿದ್ದರೂ ಕತೆ ಬದಲಾಗುವುದಿಲ್ಲ. ಲೆಕ್ಕ ಹಾಕಿದ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ, ಅಂಕಕ್ಕಲ್ಲದೆ ನಾನಾಗಿ ಹಾಕಿದ ಮೊದಲ ಲೆಕ್ಕ ಅದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದು ಹೀಗಿರುವುದೇ ನಮ್ಮ ಪುಣ್ಯ. ನೀವು ಈಗ ಈ ಪುಟ ಓದುತ್ತಿರುವಾಗ ಅಕ್ಷರದಿಂದ ಕಣ್ಣಿಗೆ ಬರುವ ಬೆಳಕಿಗೆ ಅಡ್ಡಲಾಗಿ ಕಿಟಕಿಯ ಬೆಳಕು, ಬಲ್ಬಿನ ಬೆಳಕು, ಪಕ್ಕದವರ ಮೊಬೈಲಿನ ಬೆಳಕು, ಕಣ್ಣಿಗೆ ಕಾಣದ ಟವರಿನ ರೇಡಿಯೊ ಅಲೆ ಎಲ್ಲವೂ ಹಾಯುತ್ತಿವೆ. ಬೆಳಕು ನೀರಿನ ಪೈಪಿನಂತೆ ಗುದ್ದಾಡುತ್ತಿದ್ದರೆ ಪ್ರಪಂಚವೆಲ್ಲ ಮಂಜು ಕವಿದ ಹಾಗಿರುತ್ತಿತ್ತು.

ಗುದ್ದಿದ್ದನ್ನು ಕಂಡವರು

ಸಮೀಕರಣದಲ್ಲಿ ಒಂದು ಬಾಗಿಲು ಇತ್ತು. ಎರಡೂ ಫೋಟಾನ್‌ಗಳ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಡಿಕ್ಕಿಯ ಸಾಧ್ಯತೆ ಎರಡು ಪಟ್ಟಲ್ಲ, 64 ಪಟ್ಟು ಏರುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು ಬಹಳ ಶಕ್ತಿಯ ಗಾಮಾ ಕಿರಣಕ್ಕೆ ಹೋದರೆ ಡಿಕ್ಕಿ ಕಾಣಬಹುದು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಉಂಗುರದಲ್ಲಿ ಸೀಸದ ಅಯಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸುತ್ತಾರೆ. ಸಾಮಾನ್ಯವಾಗಿ ಅವುಗಳನ್ನು ಗುದ್ದಿಸಿ ನೋಡುವುದು ವಾಡಿಕೆ. ಇಲ್ಲಿ ಬೇಕಾದದ್ದು ಗುದ್ದದೇ ಪಕ್ಕದಲ್ಲಿ ಸವರಿಕೊಂಡು ಹೋದ ಅಯಾನುಗಳು. ಸೀಸದ ನ್ಯೂಕ್ಲಿಯಸ್ಸಿನಲ್ಲಿ 82 ಪ್ರೋಟಾನ್‌ಗಳಿವೆ. ಅಷ್ಟು ಚಾರ್ಜ್ ಆ ವೇಗದಲ್ಲಿ ಓಡುವಾಗ ಅದರ ಸುತ್ತ ಫೋಟಾನ್‌ಗಳ ಮೋಡವೇ ಇರುತ್ತದೆ. ಪ್ರೋಟಾನ್ ಬದಲು ಸೀಸ ಬಳಸಿದ್ದರಿಂದ ಬೆಳಕು ಬೆಳಕಿಗೆ ಸಿಗುವ ಸಾಧ್ಯತೆ 82ನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು ನಾಲ್ಕೂವರೆ ಕೋಟಿ ಪಟ್ಟು ಹೆಚ್ಚು. ಎರಡು ಸೀಸದ ಅಯಾನುಗಳು ಪಕ್ಕ ಪಕ್ಕ ಹಾದು ಹೋದಾಗ ಅವುಗಳ ಮೋಡಗಳು ಒಂದನ್ನೊಂದು ಹಾಯುತ್ತವೆ. ನಮ್ಮ ಹಳ್ಳದ ಮೇಲಿನ ಎರಡು ಬ್ಯಾಟ್ರಿಯ ಹಾಗೆ.

ಅಟ್ಲಾಸ್ ಎಂಬ ತಂಡ 2017ರಲ್ಲಿ ಇಂಥ 13 ಘಟನೆಗಳನ್ನು ಪ್ರಕಟಿಸಿತು. ಅಷ್ಟು ಸಾಲದೆನಿಸಿ ಇನ್ನಷ್ಟು ದತ್ತಾಂಶ ಸೇರಿಸಿ, 2019ರಲ್ಲಿ 59 ಘಟನೆಗಳನ್ನು ಮುಂದಿಟ್ಟಿತು. ಅದರಲ್ಲಿ ಸುಮಾರು 12 ಬೇರೆ ಕಾರಣದಿಂದ ಬಂದಿರಬಹುದೆಂದು ಅವರೇ ಲೆಕ್ಕ ಕೊಟ್ಟರು. ಉಳಿದವು ಬೆಳಕು ಬೆಳಕಿಗೆ ಗುದ್ದಿ ದಿಕ್ಕು ಬದಲಿಸಿದವು. 1936ರ ಸಮೀಕರಣಕ್ಕೆ 80 ವರ್ಷದ ಮೇಲೆ ಸಾಕ್ಷಿ ಸಿಕ್ಕಿತು, ಅದೂ ಕೈಬೆರಳಲ್ಲಿ ಎಣಿಸುವಷ್ಟು.

ಇನ್ನೂ ಮುಂದೆ ಹೋದರೆ ಎರಡು ಫೋಟಾನ್‌ಗಳು ಗುದ್ದಿ ನಿಜವಾದ ಎಲೆಕ್ಟ್ರಾನ್, ಪಾಸಿಟ್ರಾನ್ ಆಗಿಬಿಡುತ್ತವೆ. ಬೆಳಕು ಹೋಗಿ ವಸ್ತು ಬರುತ್ತದೆ. ಬ್ರೈಟ್ ಮತ್ತು ವೀಲರ್ 1934ರಲ್ಲಿ ಇದನ್ನು ಊಹಿಸಿದ್ದರು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಸ್ಟಾರ್ ತಂಡ ಚಿನ್ನದ ಅಯಾನುಗಳನ್ನು ಪಕ್ಕ ಪಕ್ಕ ಓಡಿಸಿ ಇಂಥ 6 ಸಾವಿರಕ್ಕೂ ಹೆಚ್ಚು ಜೋಡಿಗಳನ್ನು ಕಂಡಿದ್ದನ್ನು 2021ರಲ್ಲಿ ಪ್ರಕಟಿಸಿತು.

ಇದೆಲ್ಲ ದೂರದ ದೇಶದ ದೊಡ್ಡ ಯಂತ್ರದ ಮಾತಾಯಿತು ಎನ್ನಬೇಡಿ. ಈ ಡಿಕ್ಕಿ ಆಕಾಶದಲ್ಲಿ ದಿನವೂ ನಡೆಯುತ್ತಿದೆ. ಮಾರ್ಕೇರಿಯನ್ 421 ಎಂಬ ನಕ್ಷತ್ರಪುಂಜ ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿಂದ ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣಗಳು ನಮ್ಮ ಕಡೆ ಹೊರಡುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನ್‌ಗೆ ಇರುವುದು ಎರಡು ಮೂರು ಎಲೆಕ್ಟ್ರಾನ್‌ವೋಲ್ಟ್. ದಾರಿಯುದ್ದಕ್ಕೂ ವಿಶ್ವದ ಎಲ್ಲ ನಕ್ಷತ್ರಗಳು ಇಲ್ಲಿಯವರೆಗೆ ಚೆಲ್ಲಿದ ಮಂದ ಬೆಳಕು ತುಂಬಿಕೊಂಡಿದೆ. ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣವನ್ನು ತಡೆಯಲು ಹೆಚ್ಚುಕಡಿಮೆ ಟಿವಿ ರಿಮೋಟಿನಿಂದ ಹೊರಡುವಂಥ ಒಂದು ಇನ್ಫ್ರಾರೆಡ್ ಫೋಟಾನ್ ಸಾಕು. ಗುದ್ದಿ, ಎಲೆಕ್ಟ್ರಾನ್ ಜೋಡಿಯಾಗಿ, ಆ ಕಿರಣ ಅಲ್ಲೇ ಮುಗಿಯುತ್ತದೆ. ಹಾಗಾಗಿ ದೂರ ಹೆಚ್ಚಿದಷ್ಟೂ ಬಹಳ ಶಕ್ತಿಯ ಗಾಮಾ ಕಿರಣಗಳು ನಮ್ಮನ್ನು ಮುಟ್ಟುವುದು ಕಮ್ಮಿ. ಎಷ್ಟು ಕಮ್ಮಿಯಾಗಿದೆ ಎಂದು ಅಳೆದು ವಿಶ್ವದಲ್ಲಿ ಒಟ್ಟು ಎಷ್ಟು ನಕ್ಷತ್ರದ ಬೆಳಕಿದೆ ಎಂದು ಲೆಕ್ಕ ಹಾಕುತ್ತಾರೆ.

ಈ ಗಾಮಾ ಕಿರಣಗಳನ್ನು ಹಿಡಿಯುವ ಹಗಾರ್ ಎಂಬ ಏಳು ದೂರದರ್ಶಕಗಳ ಸಾಲು ಲಡಾಖಿನ ಹಾನ್ಲೆಯಲ್ಲಿದೆ, ಸಮುದ್ರಮಟ್ಟದಿಂದ 4 ಸಾವಿರ ಮೀಟರಿಗೂ ಮೇಲೆ. ಅದನ್ನು ಕಟ್ಟಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಅದು ನೋಡಿದ ಪುಂಜಗಳಲ್ಲಿ ಮಾರ್ಕೇರಿಯನ್ 421 ಒಂದು. ಅದೇ ಹಾನ್ಲೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಮೇಸ್ ಎಂಬ 21 ಮೀಟರ್ ಅಗಲದ ದೊಡ್ಡ ದೂರದರ್ಶಕ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು.

ಜಾತ್ರೆಯ ಹಸಿರು ಲೇಸರ್

ಇಷ್ಟು ಓದಿದ ಮೇಲೆ ನನ್ನ ಬ್ಯಾಗಿನಲ್ಲೇ ಒಂದು ಸಾಕ್ಷಿ ಬಿದ್ದಿರಬಹುದು ಎಂದು ಹೊಳೆಯಿತು. ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್.

ಖಾಲಿ ಜಾಗದಲ್ಲಿ ಬೆಳಕಿಗೆ ಮಧ್ಯಸ್ಥರು ಸಿಗುವುದು ಕಷ್ಟ. ಆದರೆ ಗಾಜು, ಹರಳು ಮುಂತಾದ ವಸ್ತುವಿನೊಳಗೆ ಎಲೆಕ್ಟ್ರಾನ್‌ಗಳು ತುಂಬಿಕೊಂಡಿವೆ. ಬೆಳಕು ಜೋರಾಗಿದ್ದರೆ ಆ ಎಲೆಕ್ಟ್ರಾನ್‌ಗಳು ಮಧ್ಯಸ್ಥಿಕೆ ವಹಿಸಿ ಎರಡು ಫೋಟಾನ್‌ಗಳನ್ನು ಒಂದಾಗಿ ಮಾಡಿಬಿಡುತ್ತವೆ. 1961ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ ಫ್ರಾಂಕೆನ್ ತಂಡ ಕೆಂಪು ಲೇಸರನ್ನು ಸ್ಫಟಿಕದೊಳಗೆ ಹಾಯಿಸಿ ಅದರ ಅರ್ಧ ತರಂಗಾಂತರದ ನೇರಳಾತೀತ ಬೆಳಕು ಹೊರಬಂದಿದ್ದನ್ನು ತೋರಿಸಿತು. ಫಲಕದ ಮೇಲೆ ಬಿದ್ದದ್ದು ಒಂದು ಸಣ್ಣ ಚುಕ್ಕೆ. ಪತ್ರಿಕೆಯಲ್ಲಿ ಅಚ್ಚಾಗುವಾಗ, ಇದೇನೋ ಕೊಳೆ ಎಂದುಕೊಂಡು ಆ ಚುಕ್ಕೆಯನ್ನೇ ಅಳಿಸಿಬಿಟ್ಟಿದ್ದರು. ಇಡೀ ಲೇಖನದ ಜೀವವೇ ಆ ಚುಕ್ಕೆ!

ಹಸಿರು ಲೇಸರ್ ಪಾಯಿಂಟರ್‌ಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಹೀಗೆಯೇ. ಒಳಗೆ ಹುಟ್ಟುವುದು 1064 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಬೆಳಕು. ಒಂದು ಪುಟ್ಟ ಹರಳು ಅಂಥ ಎರಡೆರಡು ಫೋಟಾನ್‌ಗಳನ್ನು ಸೇರಿಸಿ 532 ನ್ಯಾನೊಮೀಟರಿನ ಹಸಿರು ಮಾಡುತ್ತದೆ. ಈಗ ನೇರವಾಗಿ ಹಸಿರನ್ನೇ ಕೊಡುವ ಡಯೋಡುಗಳೂ ಬಂದಿವೆ, ನನ್ನದು ಯಾವುದೆಂದು ಬಿಚ್ಚಿ ನೋಡಿಲ್ಲ. ಅಗ್ಗದವುಗಳಲ್ಲಿ ಆ ಕಾಣದ ಬೆಳಕು ಸೋಸದೆ ಹೊರಗೆ ಬರುವುದೂ ಉಂಟು. ಕಣ್ಣು ಮಿಟುಕಿಸುವ ಮೊದಲೇ ಹಾನಿ ಆಗಿರುತ್ತದೆ. ತಮ್ಮ ತಂಗಿಯರ ಕೈಗೆ ಕೊಡಬೇಡಿ.

ಸೆಮಿನಾರಿನಲ್ಲಿ ಹಿಂದಿನ ಬೆಂಚಿನವನು ಕೇಳಿದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಫೈಬರಿನಲ್ಲಿ ಬೆಳಕು ಬೆಳಕಿಗೆ ತಾಕುತ್ತದೆ, ಗಾಜಿನ ಮೂಲಕ. ಒಂದೆರಡು ಮೀಟರಿನಲ್ಲಿ ಗೊತ್ತಾಗುವುದಿಲ್ಲ. ನೂರಾರು ಕಿಲೋಮೀಟರ್ ಜೊತೆಯಾಗಿ ಓಡಿದರೆ ಮೂರು ತರಂಗಾಂತರಗಳು ಬೆರೆತು ನಾಲ್ಕನೆಯದೊಂದು ಹುಟ್ಟಿಕೊಂಡು ಪಕ್ಕದ ಚಾನೆಲ್ಲಿನ ಮಾಹಿತಿಯನ್ನು ಕೆಡಿಸುತ್ತದೆ. ಎಲ್ಲ ತರಂಗಾಂತರಗಳೂ ಒಂದೇ ವೇಗದಲ್ಲಿ ಓಡಿದರೆ ಸಂಕೇತ ಚದುರುವುದಿಲ್ಲ, ಆದರೆ ಈ ಬೆರಕೆ ಜಾಸ್ತಿ. ಅದಕ್ಕೆ ಎಂಜಿನಿಯರ್‌ಗಳು ಬೇಕೆಂದೇ ವೇಗದಲ್ಲಿ ಒಂದಿಷ್ಟು ವ್ಯತ್ಯಾಸ ಉಳಿಸಿಕೊಳ್ಳುತ್ತಾರೆ. ಪಾಠದಲ್ಲಿ ‘ಡಿಸ್ಪರ್ಷನ್ ಒಂದು ದೋಷ’ ಎಂದು ಬಾಯಿಪಾಠ ಮಾಡಿದ್ದ ನನಗೆ ಇದು ಗೊತ್ತಾಗಿದ್ದು ಹೀಗೆ.

ಬೆಳಕು ಬೆಳಕಿಗೆ ತಾಕದಿರುವುದು ಮಾಹಿತಿ ಸಾಗಿಸಲು ವರ. ಲೆಕ್ಕ ಮಾಡಿಸಲು ಅದೇ ತೊಡಕು. ಟ್ರಾನ್ಸಿಸ್ಟರಿನಲ್ಲಿ ಒಂದು ಸಂಕೇತ ಇನ್ನೊಂದನ್ನು ತಡೆಯಬೇಕು, ಬಿಡಬೇಕು. ತಾಕದವರು ತಡೆಯುವುದು ಹೇಗೆ? ಬೆಳಕಿನ ಕಂಪ್ಯೂಟರ್ ಎಂಬ ಹಳೆಯ ಕನಸು ಮತ್ತೆ ಮತ್ತೆ ಎಡವುವುದು ಇಲ್ಲೇ. 2013ರಲ್ಲಿ ಹಾರ್ವರ್ಡ್ ಮತ್ತು ಎಂಐಟಿಯ ಮಿಖಾಯಿಲ್ ಲುಕಿನ್, ವ್ಲಾದಾನ್ ವುಲೆಟಿಕ್ ತಂಡ ವಿಪರೀತ ತಂಪಾಗಿಸಿದ ರುಬಿಡಿಯಂ ಪರಮಾಣುಗಳ ಮೋಡದೊಳಗೆ ಫೋಟಾನ್‌ಗಳನ್ನು ಕಳುಹಿಸಿ, ಅವು ಒಂದನ್ನೊಂದು ಸೆಳೆದು ಜೋಡಿಯಾಗಿ ಹೊರಬರುವಂತೆ ಮಾಡಿತು. 2018ರಲ್ಲಿ ಮೂರು ಫೋಟಾನ್‌ಗಳ ಗುಂಪು ಮಾಡಿ ತೋರಿಸಿತು. ಅಲ್ಲೂ ಮಧ್ಯಸ್ಥರು ಪರಮಾಣುಗಳೇ.

ಕೆಲಸ ಹುಡುಕುವ ಗೆಳೆಯರಿಗೆ ಒಂದು ಮಾತು. ಕೇಂದ್ರ ಸರ್ಕಾರ 2023ರಲ್ಲಿ ಸುಮಾರು 6 ಸಾವಿರ ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಐಐಎಸ್‌ಸಿಯಲ್ಲಿ. ರಾಮನ್ ಸಂಸ್ಥೆಯಲ್ಲಿ ಊರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಒಂಟಿ ಫೋಟಾನ್‌ಗಳ ಮೇಲೇ ಕೆಲಸ ಮಾಡುತ್ತದೆ. ಆ ಸಂಸ್ಥೆ ಹೊರಗಿನ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಳ್ಳುವ ಕಾರ್ಯಕ್ರಮವನ್ನೂ ನಡೆಸುತ್ತದೆ. ನಾನು ಅರ್ಜಿ ಬರೆಯುತ್ತಿದ್ದೇನೆ. ‘ಈ ವಿಷಯದಲ್ಲಿ ಆಸಕ್ತಿ ಏಕೆ’ ಎಂಬುದಕ್ಕೆ ಬ್ಯಾಟ್ರಿಯ ಕತೆ ಬರೆಯಬಹುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಈ ಸಲ ದೀಪಾವಳಿಗೆ ಹೋದಾಗ ಮತ್ತೆ ಅಟ್ಟಣೆ ಹತ್ತಿದೆ. ‘ಅಪ್ಪ, ಹೋದ ವರ್ಷ ನಾನು ಹೇಳಿದ್ದು ತಪ್ಪು’ ಎಂದು ಶುರು ಮಾಡಿದೆ. ತೂಕ ಅಲ್ಲ, ಚಾರ್ಜು ಎಂದೆ. ಮಾತು ಬಿಟ್ಟ ಎರಡು ಮನೆಯ ಕತೆ ಹೇಳಿದೆ. ಅದು ಅವರಿಗೆ ಚೆನ್ನಾಗಿ ಹಿಡಿಸಿತು, ಯಾವ ಎರಡು ಮನೆ ಎಂದೂ ಊಹಿಸಿದರು. 31 ಸೊನ್ನೆಯ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅಂದ್ರ ಗುದ್ದುತ್ತವ, ನಾವ್ ನೋಡಕ್ಕಾಗಲ್ಲ’ ಎಂದರು.

‘ಹೂಂ ಅಪ್ಪ.’

‘ಮತ್ತ ಹೋದ ವರ್ಸ ಗುದ್ದಲ್ಲ ಅಂದಿದ್ದ? ನಾನು ಎಲ್ಲರ್ಗೂ ಹೇಳ್ಬುಟ್ಟಿವ್ನಿ ಕನ್ಲಾ.’

‘ನಾಳೆ ಟೀ ಅಂಗಡಿಗೆ ನಾನೂ ಬತ್ತೀನಿ. ನಾನೇ ಹೇಳ್ತೀನಿ’ ಎಂದೆ.

ಹಳ್ಳದ ಆಚೆಯಿಂದ ದೊಡ್ಡಪ್ಪನ ಬೆಳಕು ಬಂತು. ಅಪ್ಪ ಬ್ಯಾಟ್ರಿಯನ್ನು ನನ್ನ ಕೈಗೆ ಕೊಟ್ಟು, ‘ಹಾಕು, ಇಲ್ದಿದ್ರ ಮಲಗ್ಬುಟ್ರು ಅನ್ಕತಾನ’ ಎಂದರು.